ಈಜು ಬಾರದವರ ನೇತ್ರಾಣಿ

ಜಕ್ಕೂರಿನಲ್ಲಿ ನೀರಿಗೇನೂ ಬರ ಇಲ್ಲ. ಸುಮಾರು 160 ಎಕರೆಯ ಕೆರೆ ಇದೆ. ಬೆಳಗ್ಗೆ ಆರಕ್ಕೆ ವಾಕಿಂಗ್ ಹೋದರೆ ತೆಪ್ಪದಲ್ಲಿ ಮೀನು ಹಿಡಿಯುವವರು ಸಿಗುತ್ತಾರೆ, ಪೆಲಿಕನ್ ಸಿಗುತ್ತವೆ, ಸ್ವಲ್ಪ ಹೊತ್ತಾದರೆ ತಲೆ ಮೇಲೆ ಏರೋಡ್ರೋಮ್‌ನ ಪುಟ್ಟ ವಿಮಾನಗಳ ಸದ್ದೂ ಕೇಳುತ್ತದೆ. ಆದರೆ ಈ ನೀರು ನೋಡುವುದಕ್ಕೆ ಮಾತ್ರ. ಸಂಸ್ಕರಿಸಿದ ಕೊಳಚೆ ನೀರು ಜೊಂಡಿನ ನಡುವೆ ಸೋಸಿಕೊಂಡು ಬಂದು ತುಂಬುವ ಕೆರೆ ಇದು. ಹಕ್ಕಿಗಳಿಗೆ, ಮೀನಿಗೆ, ಸುತ್ತಲಿನ ಬೋರ್‌ವೆಲ್‌ಗಳಿಗೆ ಒಳ್ಳೆಯದು. ಇಳಿದು ಈಜುವ ಮಾತೇ ಇಲ್ಲ.

ಇನ್ನು ಅಪಾರ್ಟ್‌ಮೆಂಟ್‌ಗಳ ಪೂಲ್. ನಾಲ್ಕು ಅಡಿ ಆಳ. ಭಾನುವಾರ ಮಕ್ಕಳು ಟ್ಯೂಬ್ ಹಾಕಿಕೊಂಡು ಕುಣಿಯುತ್ತಾರೆ, ದೊಡ್ಡವರು ಕಾಲು ಇಳಿಬಿಟ್ಟು ಫೋನ್ ನೋಡುತ್ತಾರೆ. ನಮ್ಮ ತಾತಂದಿರು ಬೆನ್ನಿಗೆ ಬೆಂಡು ಇಲ್ಲವೇ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತರು. ನಮ್ಮ ಕಾಲಕ್ಕೆ ಬಾವಿ ಬತ್ತಿತ್ತು, ಬುರುಡೆ ಮ್ಯೂಸಿಯಂ ಸೇರಿತ್ತು. ನನ್ನ ಟೀಮ್‌ನಲ್ಲಿ ಹನ್ನೊಂದು ಜನ ಇದ್ದೇವೆ. ಕಾಲಿಗೆ ನೆಲ ಸಿಗದ ನೀರಲ್ಲಿ ಐದು ನಿಮಿಷ ನಿಲ್ಲಬಲ್ಲವರು ಇಬ್ಬರು.

ಆದರೂ ನಮ್ಮೆಲ್ಲರ ಫೋನ್ ತುಂಬ ನೀಲಿ ನೀರು. ಕ್ರೂಸ್‌ಗೆ ಹೋದವರು, ಮುಖಕ್ಕೆ ಮಾಸ್ಕ್ ಏರಿಸಿ ಹೆಬ್ಬೆರಳು ತೋರಿಸುವವರು, ತೊರಕೆ ಮೀನನ್ನು ಮಗುವಿನ ಹಾಗೆ ಎತ್ತಿಕೊಂಡವರು. ಎಲ್ಲ ಜಾಹೀರಾತಿನ ಕೆಳಗೂ ಒಂದು ಸಾಲು ಇದ್ದೇ ಇರುತ್ತದೆ: ಈಜು ಬಾರದವರೂ ಬರಬಹುದು. ಈ ಸಾಲು ಎಷ್ಟು ನಿಜ? ಹೋದ ಜನವರಿಯಲ್ಲಿ ನಾವು ಮುರುಡೇಶ್ವರದಿಂದ ನೇತ್ರಾಣಿಗೆ ಹೊರಟಾಗ ನನಗಿದ್ದ ಪ್ರಶ್ನೆ ಇದೊಂದೇ. ಯಾಕೆಂದರೆ ಜೊತೆಗೆ ಅಮ್ಮ ಬರುತ್ತಿದ್ದರು.

ನಮ್ಮನೆಯಲ್ಲಿ ಯಾಕೆ ಯಾರಿಗೂ ಈಜು ಬರಲ್ಲ

ಅಮ್ಮನ ಊರು ತುಮಕೂರಿನ ಕಡೆ. ಅವರಿಗೆ ಒಂಬತ್ತು ವರ್ಷ ಇದ್ದಾಗ, ಹದಿನಾಲ್ಕರ ಅವರಣ್ಣ ಊರ ಕೆರೆಯಲ್ಲಿ ಎಮ್ಮೆ ತೊಳೆಯಲು ಹೋದವನು ವಾಪಸ್ ಬರಲಿಲ್ಲ. ಹೂಳು ತೆಗೆದ ಗುಂಡಿ. ಸಿಕ್ಕಿದ್ದು ಮಾರನೇ ದಿನ ಮಧ್ಯಾಹ್ನ. ಅಲ್ಲಿಂದಾಚೆ ಅಜ್ಜಿ ಯಾರನ್ನೂ ಕೆರೆ ಏರಿ ದಾಟಲು ಬಿಡಲಿಲ್ಲ. ಅದೇ ಕಾನೂನು ಅಮ್ಮನ ಜೊತೆ ಬೆಂಗಳೂರಿಗೂ ಬಂತು. ನಾನೂ ಅಕ್ಕನೂ ಸ್ಕೂಲ್ ಟ್ರಿಪ್‌ಗೆ ಹೋಗಬೇಕಾದರೆ ಮೊದಲ ಪ್ರಶ್ನೆ, 'ಅಲ್ಲಿ ನೀರೈತಾ?' ಇದ್ದರೆ ಟ್ರಿಪ್ ಇಲ್ಲ.

ಹೆದರಿ ಈಜು ಕಲಿಸಲಿಲ್ಲ. ಈಜು ಬರಲ್ಲ ಅಂತ ಹೆದರಿಕೆ ಇನ್ನೂ ಜಾಸ್ತಿ ಆಯಿತು. ಇಂಥ ಮನೆಗಳು ನಮ್ಮ ಕಡೆ ಬಹಳ ಇವೆ.

ನೇತ್ರಾಣಿ ಅಂದಾಗ ಅಮ್ಮ ಹೇಳಿದ್ದು ಇಷ್ಟೇ: 'ದೋಣಿಯಲ್ಲಿ ಕೂತ್ಕೊಂಡು ಬರ್ತೀನಿ. ನೀರಿಗೆ ಇಳಿ ಅಂತ ಯಾರೂ ಬಲವಂತ ಮಾಡ್ಕೂಡ್ದು.' ಆಯ್ತು ಅಂದೆವು. ಯಶವಂತಪುರದಲ್ಲಿ ಸಂಜೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದೆವು. ನಾನು, ಹೆಂಡತಿ, ಅಮ್ಮ, ಅಕ್ಕ-ಭಾವ ಮತ್ತು ಅವರ ಏಳು ವರ್ಷದ ಮಗಳು. ಬೆಳಗಾಗುವಷ್ಟರಲ್ಲಿ ಮುರುಡೇಶ್ವರ.

ಬುಕ್ ಮಾಡುವ ಮುಂಚೆ ಕೇಳಿದ್ದು

ನೇತ್ರಾಣಿ ಇರುವುದು ದಡದಿಂದ ಸುಮಾರು 19 ಕಿಲೋಮೀಟರ್ ದೂರ, ಅರಬ್ಬಿ ಸಮುದ್ರದ ಮಧ್ಯೆ. ಬ್ರಿಟಿಷರು ಇಟ್ಟ ಹೆಸರು ಪಿಜನ್ ಐಲ್ಯಾಂಡ್. ಸುತ್ತ ಕಡಿದಾದ ಬಂಡೆ, ಮರಳ ದಂಡೆ ಅನ್ನುವುದೇ ಇಲ್ಲ. ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ ಜಾಗವೂ ಹೌದು. ಪ್ರವಾಸಿಗರನ್ನು ದ್ವೀಪದ ಮೇಲೆ ಇಳಿಸುವುದಿಲ್ಲ, ಪಕ್ಕದಲ್ಲಿ ಲಂಗರು ಹಾಕಿ ನೀರಿಗೆ ಇಳಿಸುತ್ತಾರೆ. ಅಂದರೆ ಕಾಲಿಗೆ ನೆಲ ಸಿಗುವ ಜಾಗ ಎಲ್ಲೂ ಇಲ್ಲ. ಇದನ್ನು ಮೊದಲೇ ತಿಳಿದುಕೊಂಡು ಹೋಗಬೇಕು.

ನಾನು ಮೂರು ಕಡೆ ಫೋನ್ ಮಾಡಿ ಒಂದೇ ನಾಲ್ಕು ಪ್ರಶ್ನೆ ಕೇಳಿದೆ. ನೀರಲ್ಲಿ ಒಬ್ಬ ಗೈಡ್‌ಗೆ ಎಷ್ಟು ಜನ? ಲೈಫ್ ಜಾಕೆಟ್ ಯಾವ ದರ್ಜೆಯದು? ಬೋಟಿನಲ್ಲಿ ಆಕ್ಸಿಜನ್ ಸಿಲಿಂಡರ್ ಇದೆಯಾ? ಸಮುದ್ರ ಸರಿ ಇಲ್ಲದಿದ್ದರೆ ದುಡ್ಡು ವಾಪಸ್ಸಾ? ಒಂದು ಕಡೆಯವರು 'ಸರ್, ಎಲ್ಲ ಸೇಫ್, ಟೆನ್ಶನ್ ಬೇಡ' ಅಂದರು. ಎರಡನೇ ಸಲ ಕೇಳಿದರೂ ಅದೇ ಉತ್ತರ. ಅವರನ್ನು ಬಿಟ್ಟೆವು. ಇನ್ನೊಂದು ಕಡೆಯವರು ಪ್ರತಿ ಪ್ರಶ್ನೆಗೂ ಉತ್ತರ ಕೊಟ್ಟು, ನಮಗೇ ತಿರುಗಿ ಕೇಳಿದರು: ಯಾರಿಗಾದರೂ ಆಸ್ತಮಾ, ಹಾರ್ಟ್ ಪ್ರಾಬ್ಲಮ್, ಫಿಟ್ಸ್ ಇದೆಯಾ? ಅಮ್ಮನ ವಯಸ್ಸೆಷ್ಟು, ಬಿಪಿ ಮಾತ್ರೆ ತಗೊಳ್ತಾರಾ? ನಮ್ಮನ್ನೇ ಪ್ರಶ್ನೆ ಕೇಳಿದವರನ್ನು ಆರಿಸಿಕೊಂಡೆವು.

ಲೈಫ್ ಜಾಕೆಟ್ ದರ್ಜೆ ಯಾಕೆ ಮುಖ್ಯ ಅಂತ ಸ್ವಲ್ಪ ಹೇಳುತ್ತೇನೆ. ಕಿತ್ತಳೆ ಬಣ್ಣದ್ದೆಲ್ಲ ಒಂದೇ ಅಲ್ಲ. ಅಂತರರಾಷ್ಟ್ರೀಯ ಮಾನದಂಡದಲ್ಲಿ 50, 100, 150 ನ್ಯೂಟನ್ ಅಂತ ದರ್ಜೆಗಳಿವೆ. ಹತ್ತು ನ್ಯೂಟನ್ ಅಂದರೆ ಸುಮಾರು ಒಂದು ಕೆ.ಜಿ. ಎತ್ತುವ ಶಕ್ತಿ. ನಮ್ಮ ಮೈ ಹೆಚ್ಚುಕಡಿಮೆ ನೀರಿನಷ್ಟೇ ಸಾಂದ್ರ. ಹಾಗಾಗಿ ತಲೆ ನೀರಿನ ಮೇಲಿರಲು ಹೆಚ್ಚಿನವರಿಗೆ ಮೂರರಿಂದ ಐದು ಕೆ.ಜಿ. ಆಸರೆ ಸಾಕು. ಹಾಗಾದರೆ 50 ನ್ಯೂಟನ್ ಸಾಕಲ್ಲ ಅನಿಸಬಹುದು. ಸಾಲದು. ಆ ದರ್ಜೆ ಇರುವುದೇ ಈಜು ಬರುವವರಿಗೆ, ದಡ ಹತ್ತಿರ ಇರುವ ಕಡೆಗೆ. ಅದು ತೇಲಿಸುತ್ತದೆ, ಆದರೆ ಪ್ರಜ್ಞೆ ತಪ್ಪಿದವರ ಮುಖವನ್ನು ಮೇಲಕ್ಕೆ ತಿರುಗಿಸುತ್ತದೆ ಅನ್ನುವ ಭರವಸೆ ಇಲ್ಲ. ಈಜು ಬಾರದವರು 100 ಅಥವಾ ಅದಕ್ಕಿಂತ ಹೆಚ್ಚಿನದನ್ನು ಕೇಳಿ. ಜಾಕೆಟ್ಟಿನ ಒಳಗಡೆ ಲೇಬಲ್ ಮೇಲೆ ಬರೆದಿರುತ್ತದೆ.

ಹಾಕಿಕೊಂಡ ಮೇಲೆ ಇನ್ನೊಂದು ಪರೀಕ್ಷೆ. ಎಲ್ಲ ಬಕಲ್ ಬಿಗಿದು, ಯಾರಿಗಾದರೂ ಹೇಳಿ ಜಾಕೆಟ್ಟನ್ನು ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆಸಿ. ಗಲ್ಲ ದಾಟಿ ಮೇಲೆ ಬಂದರೆ ಅದು ಸಡಿಲ. ನೀರಲ್ಲೂ ಹಾಗೇ ಮೇಲೆ ಬರುತ್ತದೆ, ನೀವು ಕೆಳಗೆ ಉಳಿಯುತ್ತೀರಿ. ಅಮ್ಮನಿಗೆ ಮೊದಲು ಕೊಟ್ಟ ಜಾಕೆಟ್ ಕಿವಿವರೆಗೂ ಬಂತು. ಚಿಕ್ಕ ಸೈಜ್ ತರಿಸಿದೆವು.

ಅಪಾಯ ಎಲ್ಲಿದೆ

ಮುರುಡೇಶ್ವರ ಅಂದರೆ ಎಲ್ಲರಿಗೂ ನೆನಪಾಗುವುದು 123 ಅಡಿಯ ಶಿವ. ಅದರ ಬುಡದಲ್ಲೇ ಬೀಚ್. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆ ಮುಳಬಾಗಿಲು ಕಡೆಯ ವಸತಿ ಶಾಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ಹುಡುಗಿಯರು ಇದೇ ದಡದಲ್ಲಿ ತೀರಿಹೋದರು. ಆಮೇಲೆ ಕೆಲ ಕಾಲ ಬೀಚನ್ನೇ ಮುಚ್ಚಿದ್ದರು. ಬಯಲುಸೀಮೆಯ ಮಕ್ಕಳು, ಸಮುದ್ರ ನೋಡಿದ ಸಂಭ್ರಮ. ಆ ಮಕ್ಕಳ ಮನೆಗಳಲ್ಲಿ ಇನ್ನು ಮೂರು ತಲೆಮಾರು ಯಾರೂ ನೀರಿಗೆ ಇಳಿಯಲಿಕ್ಕಿಲ್ಲ, ನಮ್ಮ ಅಜ್ಜಿಯ ಮನೆಯ ಹಾಗೆ.

ಹತ್ತಾರು ಮೀಟರ್ ಆಳದ ನಡುಸಮುದ್ರಕ್ಕೆ ಹೋಗುವುದು ಅಪಾಯ, ಸೊಂಟದ ಮಟ್ಟದ ದಡದಲ್ಲಿ ಆಡುವುದು ಆರಾಮ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಲೆಕ್ಕ ಉಲ್ಟಾ. ದಡಕ್ಕೆ ಬಡಿದ ಅಲೆಯ ನೀರು ವಾಪಸ್ ಹೋಗಲೇಬೇಕಲ್ಲ. ಅದು ಒಂದು ಕಿರಿದಾದ ದಾರಿ ಹಿಡಿದು ಜೋರಾಗಿ ಹೊರಗೆ ಹರಿಯುತ್ತದೆ. ಅದೇ ಸೆಳೆತ. ಅಲೆ ಕಡಿಮೆ ಇದ್ದು ಶಾಂತವಾಗಿ ಕಾಣುವ ಜಾಗವೇ ಎಷ್ಟೋ ಸಲ ಸೆಳೆತದ ಜಾಗ. ಈಜು ಬರುವವರು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬಹುದು. ಬಾರದವರ ಕೈಯಲ್ಲಿ ಏನೂ ಇಲ್ಲ, ಮೈಮೇಲೆ ಜಾಕೆಟ್ಟೂ ಇಲ್ಲ, ಪಕ್ಕದಲ್ಲಿ ಗೈಡೂ ಇಲ್ಲ. ಸರಿಯಾದ ಜಾಕೆಟ್ ಹಾಕಿ, ಹಗ್ಗ ಹಿಡಿದು, ಎರಡು ಮಾರು ದೂರದಲ್ಲಿ ಗೈಡ್ ಇರುವ ಆಳ ನೀರು ಅದಕ್ಕಿಂತ ಎಷ್ಟೋ ವಾಸಿ. ಸಮುದ್ರಕ್ಕೆ ನಿಮ್ಮ ಕಾಲ ಕೆಳಗೆ ಹತ್ತು ಅಡಿ ಇದೆಯೋ ನಲವತ್ತು ಅಡಿ ಇದೆಯೋ ಲೆಕ್ಕಕ್ಕಿಲ್ಲ. ತೇಲುತ್ತಿದ್ದೀರಾ ಅನ್ನುವುದೊಂದೇ ಮುಖ್ಯ.

ಹಾಗಾಗಿ ಅಕ್ಕನಿಗೆ ಹೇಳಿದ್ದು ಒಂದೇ ಮಾತು. ಪುಟ್ಟಿಯನ್ನು ಕರೆದುಕೊಂಡು ಗೋಪುರದ ಲಿಫ್ಟ್ ಹತ್ತು, ಬೋಂಡ ತಿನ್ನಿಸು, ನಾವು ಬರುವವರೆಗೂ ನೀರಿಗೆ ಮಾತ್ರ ಬಿಡಬೇಡ.

ಬೋಟು ಮತ್ತು ಮೀಸೆ

ಒಂದೂವರೆ ಗಂಟೆ ಬೋಟು. ಅರ್ಧ ದಾರಿಗೆ ಶಿವ ಹೆಬ್ಬೆರಳಿನಷ್ಟಾದ. ನಮ್ಮ ಜೊತೆ ಇದ್ದ ಹದಿನಾರು ಜನರಲ್ಲಿ ಐದು ಜನಕ್ಕೆ ವಾಂತಿ. ಹಿಂದಿನ ರಾತ್ರಿ ಗಡದ್ದಾಗಿ ಊಟ ಮಾಡಿದವರೂ ಅವರಲ್ಲಿದ್ದರು, ಬೆಳಗ್ಗೆ ಏನೂ ತಿನ್ನದೆ ಬಂದವರೂ ಇದ್ದರು. ಎರಡು ಇಡ್ಲಿ ತಿಂದು, ಬೋಟಿನ ನಡುಭಾಗದಲ್ಲಿ ಕೂತು, ಫೋನ್ ಒಳಗಿಟ್ಟು ದೂರದ ನೀರಿನ ಗೆರೆ ನೋಡುತ್ತಿದ್ದರೆ ತಡೆಯುತ್ತದೆ. ಮಾತ್ರೆ ಬೇಕಾದವರು ಡಾಕ್ಟರನ್ನು ಕೇಳಿ ಹೊರಡುವ ಒಂದು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ತಲೆ ಸುತ್ತಲು ಶುರುವಾದ ಮೇಲೆ ನುಂಗಿದ್ದು ಸಮುದ್ರಕ್ಕೇ ಹೋಗುತ್ತದೆ.

ಗೈಡ್ ಹುಡುಗ ಭಟ್ಕಳದ ಕಡೆಯವನು. ದಾರಿಯಲ್ಲೇ ಎಲ್ಲರಿಗೂ ಮಾಸ್ಕ್, ಸ್ನಾರ್ಕೆಲ್ ಹಾಕಿಸಿ, ಬೋಟಿನಲ್ಲಿ ಕೂತೇ ಐದು ನಿಮಿಷ ಬಾಯಲ್ಲಿ ಉಸಿರಾಡಿಸಿದ. ಇದು ದಡ್ಡ ಕೆಲಸದ ಹಾಗೆ ಕಾಣುತ್ತದೆ. ಆದರೆ ಈಜು ಬಾರದವರು ಕಲಿಯಬೇಕಾಗಿರುವುದು ಇದೊಂದನ್ನೇ. ನಾವು ಹುಟ್ಟಿದಾಗಿನಿಂದ ಮೂಗಿಗೆ ಒಗ್ಗಿದವರು. ಮೂಗು ಮುಚ್ಚಿದ ತಕ್ಷಣ ಮನಸ್ಸು ಗಾಬರಿಯಾಗುತ್ತದೆ, ಉಸಿರು ಚಿಕ್ಕದಾಗುತ್ತದೆ, ಬೇಗ ಬೇಗ ಆಗುತ್ತದೆ. ತೊಂದರೆ ಶುರುವಾಗುವುದು ಇಲ್ಲೇ. ಆರಾಮಾಗಿ ತೆಗೆದುಕೊಳ್ಳುವ ಒಂದು ಉಸಿರು ಸುಮಾರು ಅರ್ಧ ಲೀಟರ್. ಸ್ನಾರ್ಕೆಲ್ ಕೊಳವೆಯೇ ನೂರೈವತ್ತು ಇನ್ನೂರು ಮಿ.ಲೀ. ಹಿಡಿಯುತ್ತದೆ. ಚಿಕ್ಕ ಉಸಿರು ತೆಗೆದರೆ ಬರುವುದು ಹೊಸ ಗಾಳಿ ಅಲ್ಲ, ಈಗಷ್ಟೇ ಬಿಟ್ಟ ಹಳೇ ಗಾಳಿ. ಗಾಳಿ ಸಾಲಲ್ಲ ಅನಿಸುತ್ತದೆ, ಇನ್ನೂ ಬೇಗ ಎಳೆಯುತ್ತೇವೆ, ಇನ್ನೂ ಸಾಲಲ್ಲ. ಇದಕ್ಕೆ ಮದ್ದು ಒಂದೇ: ನಿಧಾನ, ಉದ್ದ. ಬಿಡುವುದು ಇನ್ನೂ ಉದ್ದ.

ಗಂಡಸರಿಗೆ ಇನ್ನೊಂದು ವಿಷಯ. ಮಾಸ್ಕಿನ ರಬ್ಬರ್ ಮೀಸೆ ಮೇಲೆ ಕೂರುವುದಿಲ್ಲ. ನನ್ನ ಮಾಸ್ಕಿಗೆ ನಿಮಿಷಕ್ಕೊಂದು ಚಮಚ ನೀರು ನುಗ್ಗುತ್ತಿತ್ತು. ಗೈಡ್ ನಕ್ಕು ಒಂದು ಡಬ್ಬಿ ತೆಗೆದ. ಮೀಸೆಗೆ ವ್ಯಾಸಲಿನ್ ಬಳಿದ ಮೇಲೆ ಸರಿಹೋಯಿತು.

ನೀರಲ್ಲಿ

ನಮ್ಮ ಗುಂಪಿನಲ್ಲಿ ಈಜು ಬರುವುದು ಭಾವನಿಗೆ ಮಾತ್ರ. ಅಪಾರ್ಟ್‌ಮೆಂಟ್ ಪೂಲ್‌ನಲ್ಲಿ ದಿನಾ ಇಪ್ಪತ್ತು ಸುತ್ತು ಹೊಡೆಯುತ್ತಾರೆ. 'ನನಗೆ ಜಾಕೆಟ್ ಬೇಡಪ್ಪ' ಅಂದರು. 'ಜಾಕೆಟ್ ಇಲ್ದಿದ್ರೆ ನೀರಿಗೆ ಇಳ್ಸೂದಿಲ್ಲ ಸರ್' ಅಂದ ಹುಡುಗ. ಭಾವನಿಗೆ ಸ್ವಲ್ಪ ಬೇಜಾರಾಯಿತು. ನೀರಿಗೆ ಇಳಿದ ಹತ್ತೇ ನಿಮಿಷಕ್ಕೆ ಏದುಸಿರು ಬಿಡುತ್ತ ಏಣಿ ಹಿಡಿದು ನಿಂತರು. ಪೂಲ್‌ನಲ್ಲಿ ಕಲಿತವರು ಮುಂದೆ ಹೋಗಲು ನೋಡುತ್ತಾರೆ, ಕೈ ಬೀಸುತ್ತಾರೆ, ಉಸಿರಿಗೆ ತಲೆ ಪಕ್ಕಕ್ಕೆ ತಿರುಗಿಸುತ್ತಾರೆ. ಸಮುದ್ರದಲ್ಲಿ ಅಲೆ ಇರುತ್ತದೆ, ತಲೆ ತಿರುಗಿಸಿದರೆ ಕೊಳವೆಗೆ ನೀರು. ಸ್ನಾರ್ಕೆಲಿಂಗ್‌ನಲ್ಲಿ ಈಜುವ ಕೆಲಸವೇ ಇಲ್ಲ. ಸುಮ್ಮನೆ ಕವುಚಿ ಬಿದ್ದಿರಬೇಕು ಅಷ್ಟೇ.

ನನ್ನ ಹೆಂಡತಿ ಮೊದಲ ಸಲ ಮುಖ ಮುಳುಗಿಸಿ ಹತ್ತು ಸೆಕೆಂಡಿಗೆ ಮಾಸ್ಕ್ ಕಿತ್ತು ಹಾಕಿದಳು. 'ನನ್ನ ಕೈಲಿ ಆಗಲ್ಲ.' ಹುಡುಗ ಒತ್ತಾಯ ಮಾಡಲಿಲ್ಲ. 'ಎಂತದೂ ಆಗುದಿಲ್ಲ ಅಕ್ಕ, ಏಣಿ ಹಿಡ್ಕಂಡೇ ಇರಿ. ಉಸ್ರು ಬಾಯಲ್ಲೇ ತಕಣಿ, ನಿಧಾನ' ಅಂದು ಪಕ್ಕದಲ್ಲೇ ತೇಲುತ್ತ ನಿಂತ. ಮೂರನೇ ಸಲಕ್ಕೆ ಅವಳ ಉಸಿರಿನ ಸದ್ದು ಬದಲಾಯಿತು. ಆಮೇಲೆ ನಾವಿಬ್ಬರೂ ದೊಡ್ಡ ರಿಂಗ್ ಹಿಡಿದುಕೊಂಡೆವು, ಅವನು ಎಳೆದುಕೊಂಡು ಹೋದ.

ಕೆಳಗೆ ಏನಿತ್ತು ಅಂತ ಬರೆಯುವುದು ಕಷ್ಟ. ಹವಳ ಹತ್ತಿದ ಬಂಡೆ, ಅದನ್ನು ಕಟಕಟ ಕಡಿಯುವ ಗಿಳಿಮೀನುಗಳು. ಆ ಸದ್ದು ನೀರಲ್ಲಿ ಕೇಳುತ್ತದೆ. ಹಳದಿ ಪಟ್ಟೆಯವು ನೂರಾರು ಒಟ್ಟಿಗೆ ತಿರುಗಿದರೆ ಟ್ಯೂಬ್‌ಲೈಟ್ ಹತ್ತಿ ಆರಿದ ಹಾಗೆ. ಪುನೀತ್ ರಾಜ್‌ಕುಮಾರ್ 'ಗಂಧದ ಗುಡಿ'ಯಲ್ಲಿ ಇಳಿದ ಸಮುದ್ರ ಇದೇ ಅಂತ ಬೋಟಿನಲ್ಲಿ ಎಲ್ಲರೂ ಮಾತಾಡಿಕೊಂಡಿದ್ದೆವು. ನೀರಿನೊಳಗೆ ಅದೂ ಮರೆತುಹೋಯಿತು. ಬಂಡೆಗಳ ನಡುವಿನ ಮರಳಿನಲ್ಲಿ ಒಂದೇ ಒಂದು ತೊರಕೆ ಕಂಡಿತು. ಮೊದಲು ಮರಳೇ ಅಲುಗಿತು ಅನಿಸಿತು, ಆಮೇಲೆ ಮರಳಿಗೆ ಬಾಲ ಬಂತು.

ತೊರಕೆ ಮತ್ತು ಹಡಗು

ಕರಾವಳಿಯವರಿಗೆ ತೊರಕೆ ಅಂದರೆ ಸಾರು. ಕ್ರೂಸ್‌ಗೆ ಹೋಗುವವರಿಗೆ ಅದೇ ಸ್ಟಿಂಗ್‌ರೇ. ಕೆರಿಬಿಯನ್ ಸಮುದ್ರದ ಗ್ರ್ಯಾಂಡ್ ಕೇಮನ್ ದ್ವೀಪದಲ್ಲಿ ಮೀನುಗಾರರು ಶಾಂತ ನೀರಿಗೆ ಬಂದು ಮೀನು ಹಸನು ಮಾಡಿ ಕಸ ಎಸೆಯುತ್ತಿದ್ದರು. ತಿನ್ನಲು ತೊರಕೆಗಳು ಸೇರಿದವು, ಬೋಟಿನ ಸದ್ದಿಗೇ ಬರತೊಡಗಿದವು, ಅದೇ ಪ್ರವಾಸಿ ತಾಣವಾಯಿತು. ಅಲ್ಲಿ ಸೊಂಟದಿಂದ ಎದೆಮಟ್ಟದ ಮರಳ ದಿಬ್ಬದ ಮೇಲೆ ನಿಲ್ಲಬಹುದು. ಹಾಗಾಗಿ ಅಲ್ಲಿ 'ಈಜು ಬಾರದವರೂ ಬರಬಹುದು' ಅನ್ನುವುದಕ್ಕೆ ಅರ್ಥವೇ ಬೇರೆ.

ತೊರಕೆ ಕಚ್ಚಲು ಬರುವ ಪ್ರಾಣಿ ಅಲ್ಲ. ಬಾಲದಲ್ಲಿ ಗರಗಸದಂಥ ವಿಷದ ಮುಳ್ಳಿದೆ, ತುಳಿದರೆ ಬೀಸುತ್ತದೆ. ಅದಕ್ಕೇ ಅಂಥ ಕಡೆ ಹೆಜ್ಜೆ ಎತ್ತಿ ಇಡಬಾರದು, ಕಾಲನ್ನು ಮರಳಲ್ಲಿ ಉಜ್ಜುತ್ತ ಸಾಗಬೇಕು. ಸದ್ದಿಗೆ ಅದೇ ಸರಿದುಹೋಗುತ್ತದೆ. ಚುಚ್ಚಿದರೆ ತಾಳಿಕೊಳ್ಳುವಷ್ಟು ಬಿಸಿ ನೀರಲ್ಲಿ ಗಾಯ ಇಟ್ಟುಕೊಂಡು ಆಸ್ಪತ್ರೆಗೆ ಹೋಗಬೇಕು, ಎದೆ ಹೊಟ್ಟೆಗೆ ಚುಚ್ಚಿದ ಮುಳ್ಳನ್ನು ಕೀಳಬಾರದು. ಸ್ಟೀವ್ ಇರ್ವಿನ್ 2006ರಲ್ಲಿ ಸತ್ತಿದ್ದು ಎದೆಗೆ ಚುಚ್ಚಿದ್ದರಿಂದ. ಅಂಥದ್ದು ತೀರಾ ಅಪರೂಪ.

ಹಡಗಿನ ಪ್ರವಾಸವೇ ಬೇಕು ಅನ್ನುವವರಿಗೆ ನಮ್ಮ ಹತ್ತಿರದ್ದು ಲಕ್ಷದ್ವೀಪ. ಕೊಚ್ಚಿಯಿಂದ ಸರ್ಕಾರಿ ಹಡಗಿನ 'ಸಮುದ್ರಂ' ಪ್ಯಾಕೇಜ್ ಇದೆ. ರಾತ್ರಿ ಹಡಗಿನಲ್ಲಿ, ಹಗಲು ದ್ವೀಪದಲ್ಲಿ. ಹೋಗಲು ಪರ್ಮಿಟ್ ಬೇಕು. ನಮ್ಮವರಿಗೆ ಗೊತ್ತಿಲ್ಲದ ಒಂದು ಸಂಗತಿ: ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರ ನವೆಂಬರ್ 1ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿ ಹವಳದ ದಿಬ್ಬ ಅಲೆಯನ್ನು ತಡೆಯುತ್ತದೆ, ಒಳಗಿನ ಲಗೂನ್ ಕೊಳದ ಹಾಗೆ. ಹೊಸಬರಿಗೆ ನೇತ್ರಾಣಿಗಿಂತ ಸುಲಭ. ಆದರೆ ಹಡಗು ದಿಬ್ಬದ ಹೊರಗೆ ನಿಲ್ಲುತ್ತದೆ, ಅಲ್ಲಿಂದ ಓಲಾಡುವ ಚಿಕ್ಕ ಬೋಟಿಗೆ ಇಳಿಯಬೇಕಾಗುತ್ತದೆ. ಮಂಡಿ ನೋವಿರುವ ಹಿರಿಯರನ್ನು ಕರೆದೊಯ್ಯುವವರು ಈಜಿಗಿಂತ ಮೊದಲು ಈ ಹೆಜ್ಜೆಯ ಬಗ್ಗೆ ಯೋಚಿಸಿ.

ಅಮ್ಮ

ಅಮ್ಮ ಬೋಟಿನಲ್ಲೇ ಇದ್ದರು. ಅಕ್ಕನ ಚೂಡಿದಾರ್, ಮೇಲೆ ಕಿತ್ತಳೆ ಜಾಕೆಟ್, ತಲೆಗೆ ಟವೆಲ್. ನಾವು ನೀರಿಗೆ ಇಳಿದಾಗಿಂದ ಒಂದು ಮಾತೂ ಆಡದೆ ನಮ್ಮ ತಲೆ ಎಣಿಸುತ್ತಿದ್ದರು ಅಂತ ಆಮೇಲೆ ಭಾವ ಹೇಳಿದರು. ನಾವು ಹತ್ತಿ ಬಂದು ಟೀ ಕುಡಿಯುತ್ತಿದ್ದಾಗ ಹುಡುಗನನ್ನು ಕೇಳಿದರು, 'ಏನಪ್ಪಾ, ಈ ಏಣಿ ಗಟ್ಟಿ ಐತಾ?'

ಯಾರೂ ಏನೂ ಹೇಳಲಿಲ್ಲ. ಹುಡುಗ ಮೊದಲು ತಾನು ನೀರಿಗಿಳಿದ. ಅಮ್ಮ ಒಂದೊಂದೇ ಮೆಟ್ಟಿಲು ಇಳಿದು, ಎದೆಮಟ್ಟಕ್ಕೆ ನೀರು ಬಂದಾಗ ಎರಡೂ ಕೈಯಲ್ಲಿ ಏಣಿ ಹಿಡಿದು ನಿಂತರು. ಕೊಳವೆ ಬೇಡ ಅಂದರು. ಬರೀ ಮಾಸ್ಕ್. ಉಸಿರು ಹಿಡಿದು ಮುಖ ಮುಳುಗಿಸಿದರು, ಎದ್ದರು. ಮತ್ತೆ ಮುಳುಗಿಸಿದರು. ನಾಲ್ಕೈದು ಸಲ ಆದ ಮೇಲೆ ನನ್ನ ಕಡೆ ತಿರುಗಿ, 'ಇಷ್ಟು ತಿಳಿಯಾಗಿರ್ತದಾ ಕಣೋ ನೀರು? ನಮ್ಮ ಕೆರೇಲಿ ಕೈ ಅದ್ದಿದ್ರೆ ಬೆರಳು ಕಾಣ್ತಿರ್ಲಿಲ್ಲ' ಅಂದರು.

ಮೇಲೆ ಬಂದು ಟವೆಲ್ ಸುತ್ತಿಕೊಂಡು ಕೂತರು. ದಡ ಸೇರುವವರೆಗೂ ಮತ್ತೆ ಮಾತಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅಕ್ಕನಿಗೆ ಹೇಳಿದರು: 'ಪುಟ್ಟೀನ ಈಜಿಗೆ ಸೇರ್ಸು. ಪೂಲಾದ್ರೂ ಸರಿ, ಏನಾದ್ರೂ ಸರಿ. ಬೇಸಿಗೆ ರಜಕ್ಕೇ ಸೇರ್ಸು.' ಏಪ್ರಿಲ್‌ನಲ್ಲಿ ಅಕ್ಕ ಸೇರಿಸಿದಳು. ಅದೇ ಬ್ಯಾಚಿನ ನಂತರದ ಬ್ಯಾಚಿಗೆ, ದೊಡ್ಡವರದಕ್ಕೆ, ನಾನೂ ನನ್ನ ಹೆಂಡತಿಯೂ ಹೋಗುತ್ತಿದ್ದೇವೆ.

ಹೋಗುವವರಿಗೆ

ನೇತ್ರಾಣಿ ಸೀಸನ್ ಅಕ್ಟೋಬರ್ ಕೊನೆಯಿಂದ ಮೇವರೆಗೆ, ಡಿಸೆಂಬರ್-ಜನವರಿ ವಾಸಿ. ಮಳೆಗಾಲದಲ್ಲಿ ಯಾರಾದರೂ ಕರೆದೊಯ್ಯುತ್ತೇನೆ ಅಂದರೂ ಹೋಗಬೇಡಿ. ಸಾಧ್ಯವಾದರೆ ಊರಿನ ಪೂಲ್‌ನಲ್ಲೇ ಒಂದು ಸಲ ಮಾಸ್ಕ್ ಹಾಕಿ ಬಾಯಲ್ಲಿ ಉಸಿರಾಡಿ ನೋಡಿ. ಹಿಂದಿನ ರಾತ್ರಿ ಕುಡಿಯಬೇಡಿ. ಕಾಯಿಲೆ ಮುಚ್ಚಿಡಬೇಡಿ, ಫಾರ್ಮ್‌ನಲ್ಲಿ ನಿಜ ಬರೆಯಿರಿ. ಹವಳವನ್ನು ಮುಟ್ಟಬೇಡಿ, ಅದರ ಮೇಲೆ ಕಾಲಿಡಬೇಡಿ. ಜಾಕೆಟ್ ಮತ್ತೆ ಬೋಟು ಹತ್ತುವವರೆಗೂ ಬಿಚ್ಚಬೇಡಿ. ಜೊತೆಗೆ ಬಂದವರು ಇಳಿಯಲ್ಲ ಅಂದರೆ ಹಾಸ್ಯ ಮಾಡಬೇಡಿ, ಬಲವಂತವನ್ನಂತೂ ಮಾಡಲೇಬೇಡಿ. ಬೋಟಿನಲ್ಲಿ ಕೂತು ನಮ್ಮ ತಲೆ ಎಣಿಸಲೂ ಒಬ್ಬರು ಬೇಕು.